ಬ್ರಿಟನ್ನಿನ ಮೀಸೆ ಕಳಚಿದ ದಿನ

ಅಲ್ ಕುಸೈಸ್, ದುಬೈ
5 ಡಿಸೆಂಬರ್ 2014

ಲಂಡನ್ನಿನಲ್ಲಿ ಬೀಡುಬಿಟ್ಟಿರುವ ಮಹಾಮಹಿಮ ರೋಷಣ್ಣನ ಸನ್ನಿಧಿಗೆ,

ತಂಗಿಯ ಸಾಷ್ಟಾಂಗ ನಮಸ್ಕಾರ. ಪತ್ರ ತಡವಾಯಿತು, ಕ್ಷಮೆಯಿರಲಿ. ವಾಟ್ಸಾಪಿನಲ್ಲಿ ಎಷ್ಟು ಕೇಳಿದರೂ ನೀನು ಓದಿ ಸುಮ್ಮನಾಗುವುದರಿಂದ ನಮ್ಮ ಸರ್ಕಾರ ಕಾಗದದ ಮೊರೆಹೊಕ್ಕಿದೆ.

ಯುಎಇ ರಾಷ್ಟ್ರೀಯ ದಿನಕ್ಕೆ ಶಾಲೆಯಲ್ಲಿ ನಾಟಕವಿತ್ತು. ಅಪ್ಪನ ಕೋಟು, ಹತ್ತಿಯ ಮೀಸೆ ಧರಿಸಿ ನಾನು ಬ್ರಿಟನ್ ಆದೆ. ಭಟ್ಕಳದ ಗೆಳತಿ ಅಸೀಲಾ ಇಲ್ಲಿನ ಅರಸರೆಲ್ಲರ ಪರವಾಗಿ ಒಬ್ಬಳೇ. ನೂರೈವತ್ತು ವರ್ಷ ಇವರ ರಕ್ಷಕನಾಗಿ ಕೂತಿದ್ದ ಬ್ರಿಟನ್, ಅರವತ್ತೆಂಟರಲ್ಲಿ ‘ಹೊರಡುತ್ತೇನೆ’ ಅಂದಿತಂತೆ. ‘ಸೈನ್ಯದ ಖರ್ಚು ನಾವೇ ಕೊಡುತ್ತೇವೆ, ಇರಿ’ ಎಂದು ಇವರು ಕೇಳಿಕೊಂಡರೂ ಒಪ್ಪಲಿಲ್ಲವಂತೆ. ಎಪ್ಪತ್ತೊಂದರಲ್ಲಿ ಹಳೆಯ ಒಪ್ಪಂದಗಳು ಮುಗಿದು, ಸ್ನೇಹದ ಹೊಸ ಒಪ್ಪಂದಕ್ಕೆ ರುಜು ಬಿತ್ತು.

ಅಸೀಲಾ ತನ್ನ ಮಾತು ಮರೆತು, ‘ಇರಿ ಅಂತ ಹೇಳ್ತಿದ್ದೇವಲ್ಲ, ಇದ್ರೆ ನಿಮ್ಮ ಗಂಟೇನು ಹೋಗ್ತದೆ?’ ಅಂದುಬಿಟ್ಟಳು. ನನಗೆ ಅಪ್ಪ ನಿನಗೆ ಫೋನಿನಲ್ಲಿ ಹೇಳಿದ್ದು ನೆನಪಾಯಿತು: ‘ಟಿಕೆಟ್ ನಾನು ಮಾಡ್ತೇನೆ ಮಗಾ, ಒಂದು ದಿನಕ್ಕಾದ್ರೂ ಬಂದು ಹೋಗು.’ ಕಣ್ಣೀರಿಗೆ ಮೀಸೆ ಕಳಚಿತು. ಸಭೆಯೆಲ್ಲ ನಕ್ಕಿತು.

‘ಎಂಥ ಮಾರಾಯ್ತಿ, ಬಿಟ್ಟು ಹೋಗುವವರೂ ನೀವೇ, ಅಳುವವರೂ ನೀವೇಯಾ?’ ಅಂದಳು ಅಸೀಲಾ.

ಮನೆಯ ಸುದ್ದಿ ಇಷ್ಟೇ. ನೀನು ಯಾವತ್ತಾದರೂ ಮರಳಿ ಬಂದರೆ ಇರಲೆಂದು ಅಪ್ಪ ತಮ್ಮ ಅಂಗಡಿಯ ಹೆಸರಿನಲ್ಲಿ ಉಳಿಸಿಕೊಂಡಿದ್ದ ನಿನ್ನ ವಾಸದ ವೀಸಾ ಹೋಯಿತು. ಆರು ತಿಂಗಳೊಳಗೆ ಒಮ್ಮೆ ಇಲ್ಲಿ ಕಾಲಿಡದಿದ್ದರೆ ಖಲಾಸ್ ಎಂಬುದು ನಿನಗೆ ಗೊತ್ತಿದ್ದದ್ದೇ. ‘ಇನ್ನು ಅವ ವಿಸಿಟ್ ವೀಸಾದಲ್ಲೇ ಬರಬೇಕು’ ಎಂದರು ಅಪ್ಪ. ‘ಅವನ ಮನೆಗೆ ಅವನೇ ನೆಂಟನಾ?’ ಎಂದು ಕೇಳಿ ಅಮ್ಮ ಒಳಗೆ ಹೋದರು. ಕುಕ್ಕರ್ ಕೂಗುತ್ತಲೇ ಇತ್ತು, ಒಲೆ ಆರಿಸಲಿಲ್ಲ.

ಆದುದರಿಂದ ಸ್ನೇಹದ ಒಪ್ಪಂದಕ್ಕೆ ನಮ್ಮ ಕರಡು: ನೀನು ವಾರಕ್ಕೊಮ್ಮೆ ಅಮ್ಮನಿಗೆ ಫೋನ್ ಮಾಡತಕ್ಕದ್ದು. ನಾನು ನಿನ್ನ ಮಂಚವನ್ನು ಆಕ್ರಮಿಸತಕ್ಕದ್ದಲ್ಲ.

ಚಳಿಗೆ ಕಿವಿ ಮುಚ್ಚಿಕೋ. ಚಿಕ್ಕವರ ಹರಕೆಯೂ ಫಲಿಸುವುದಾದರೆ, ಎಲ್ಲಿದ್ದರೂ ಚೆನ್ನಾಗಿರು.

ನಿನ್ನ ಮನೆಯ ಖಾಯಂ ರಾಯಭಾರಿ,
ಸಮೀಕ್ಷಾ

ಮತ್ತೊಂದು ಮಾತು: ಅಕ್ಟೋಬರಿನಲ್ಲಿ ಅಸೀಲಾಳ ಅಣ್ಣ ಅನಸ್ ನಿನ್ನನ್ನು ಇಲ್ಲಿಯ ಏರ್‌ಪೋರ್ಟಿನೊಳಗೆ ನೋಡಿದನಂತೆ. ಗೆಳೆಯರ ಜೊತೆ ಬ್ಯಾಂಕಾಕಿಗೆ ಹೊರಟಿದ್ದೆಯಂತೆ, ಮುಂದಿನ ವಿಮಾನಕ್ಕೆ ಏಳು ಗಂಟೆ ಇತ್ತಂತೆ. ಮನೆಗೆ ಬರಲೇಬೇಕೆಂದೇನೂ ಇರಲಿಲ್ಲ ಅಣ್ಣ. ಪಾಸ್‌ಪೋರ್ಟಿಗೆ ಮುದ್ರೆ ಹಾಕಿಸಿ, ಏರ್‌ಪೋರ್ಟಿನ ಬಾಗಿಲ ಹೊರಗೆ ನಿಂತು ಹಾಗೇ ತಿರುಗಿ ಹೋಗಿದ್ದರೂ ವೀಸಾ ಉಳಿಯುತ್ತಿತ್ತು. ರಜೆ ಸಿಗಲಿಲ್ಲ ಎಂಬ ನಿನ್ನ ಮಾತು ನಂಬಿ ಅಮ್ಮ ಈಗಲೂ ನಿನ್ನ ಕಂಪನಿಗೆ ಶಾಪ ಹಾಕುತ್ತಿದ್ದಾರೆ. ಹಾಕಲಿ ಎಂದು ಬಿಟ್ಟಿದ್ದೇನೆ.