ಮಸಾಲೆ ತೊಳೆದ ಟರ್ಕಿ ಕೋಳಿ

ಅಯೋನಿ,

ನಿಮ್ಮಮ್ಮನನ್ನು ಕರೆತರಲು ನಾನೂ ನಿಮ್ಮಣ್ಣನೂ ಪೋರ್ಟ್ ಆಂಟೋನಿಯೋಗೆ ಹೊರಟಿದ್ದೇವೆ. ನೀನು ಏಳುವವರೆಗೆ ಕಾದಿದ್ದರೆ ಕ್ರಿಸ್‌ಮಸ್ ದಿನವೇ ನನ್ನ ಬಾಯಿ ಹೊಲಸಾಗುತ್ತಿತ್ತು, ಅದಕ್ಕೇ ಈ ಚೀಟಿ.

ಆ ಟರ್ಕಿ ಕೋಳಿ ಎರಡು ದಿನದಿಂದ ಮಸಾಲೆಯಲ್ಲಿ ನೆನೆಯುತ್ತಿತ್ತು. ಮೆಣಸಿನಕಾಯಿ, ಪಿಮೆಂಟೊ ಕಾಳು, ಶುಂಠಿ ಎಲ್ಲ ಕೈಯಾರೆ ಕುಟ್ಟಿ ಚರ್ಮದಡಿಗೆ ತುಂಬಿದ್ದೆ. ಬೆರಳು ಇನ್ನೂ ಉರಿಯುತ್ತಿದೆ. ನಿನ್ನೆ ಬಂದವಳೇ ನೀನು ಅದನ್ನು ಸಿಂಕಿಗೆ ಹಾಕಿ, ನಿಂಬೆಹಣ್ಣು ಉಜ್ಜಿ, ಅಷ್ಟನ್ನೂ ತೊಳೆದುಬಿಟ್ಟೆ. ಕೇಳಿದರೆ, “ತೊಳೆದಿದ್ಯೋ ಇಲ್ವೋ ಯಾರಿಗ್ಗೊತ್ತು? ಕಂಡೋರ ಕೈಯಡುಗೆ ನಾನು ತಿನ್ನಲ್ಲಮ್ಮ” ಅಂದೆ. ಅದೂ ಪಕ್ಕದ ಮನೆಯವರ ಎದುರಿಗೆ!

ಜಮೈಕಾದಲ್ಲಿ ಹುಟ್ಟಿದ ಯಾವ ಹೆಂಗಸು ನಿಂಬೆಹುಳಿಯಲ್ಲಿ ತೊಳೆಯದೆ ಮಾಂಸಕ್ಕೆ ಮಸಾಲೆ ಹಚ್ಚುತ್ತಾಳೆ? ಹಿಂಡಿದ ಸಿಪ್ಪೆ ಕಸದ ಬುಟ್ಟಿಯಲ್ಲೇ ಇತ್ತು. ಹನ್ನೊಂದು ವರ್ಷ ನಿಮ್ಮಣ್ಣನಿಗೆ ಬೇಯಿಸಿ ಹಾಕಿದ್ದೇನೆ, ಅವನಿನ್ನೂ ಸತ್ತಿಲ್ಲ.

ಉಳಿದಿದ್ದ ಅಷ್ಟಿಷ್ಟು ಮಸಾಲೆಯನ್ನು ಮತ್ತೆ ಹಚ್ಚಿದ್ದೇನೆ. ಹತ್ತಕ್ಕೆ ಡ್ರಮ್ಮಿನ ಒಲೆಯ ಮೇಲೆ ಇಡು. ಪಿಮೆಂಟೊ ಕಟ್ಟಿಗೆಯ ಹೊಗೆ ನಿಲ್ಲಬಾರದು. ಘಳಿಗೆಗೊಮ್ಮೆ ಮುಚ್ಚಳ ತೆಗೆದು ಇಣುಕಬೇಡ. ಬಡಿಸುವಾಗ ತೊಡೆ ನಿಮ್ಮಮ್ಮನಿಗೆ. ಮಸಾಲೆ ಯಾಕೆ ಹಿಡಿದಿಲ್ಲ ಎಂದು ಅವರು ಕೇಳಿಯೇ ಕೇಳುತ್ತಾರೆ. ಉತ್ತರ ನೀನೇ ಕೊಡು.

ನಿಂಬೆಹಣ್ಣೆಲ್ಲ ಬೀರುವಿನಲ್ಲಿಟ್ಟು ಬೀಗ ಹಾಕಿದ್ದೇನೆ. ಒಂದನ್ನು ಮಾತ್ರ ಈ ಚೀಟಿಯ ಮೇಲಿಟ್ಟಿದ್ದೇನೆ. ಅದು ಕೋಳಿಗಲ್ಲ. ನಾವು ಬರುವುದರೊಳಗೆ ಅದರಿಂದ ನಿನ್ನ ಬಾಯಿ ತೊಳೆದುಕೊ.

ಹೈಸಿಂತ್