ಮಾತಿನ ಹಿಂದೆ ಗೀಚಿದ ಪೆನ್ನು

೧೯೮೪ ಡಿಸೆಂಬರ್ ೧೧, ಸಂಜೆ, ಹೆಬ್ಬಾಳ

ಟೇಪ್ ಓಡ್ತಾ ಇದೆ. ಸಕ್ಕರೆ ಕಾಯಿಲೆ ಕಣ್ಣು ತಿಂತಾ ಇದೆ, ಬರೆಯೋಕಾಗಲ್ಲ. ಅದಕ್ಕೇ ಈ ಒದರಾಟ. ರೇಡಿಯೋ ದೂರದರ್ಶಕದ ಡಿಶ್ ಒಂದು ಮರಿ ನಕ್ಷತ್ರದ ಕಡೆಗಿದೆ. ಇನ್ನೂ ಹುಟ್ತಾ ಇರೋದು. ಸುತ್ತ ತಟ್ಟೆ ಥರ ಧೂಳು. ಅದರಲ್ಲಿರೋ ನೀರಾವಿಯಿಂದ ಒಂದು ರೇಡಿಯೋ ಅಲೆ ಹೊಮ್ಮಬೇಕು. ಮೇಸರ್ ಅಂತಾರೆ. ಹಿಡೀಲೇಬೇಕು. ಮಾರ್ಚ್ ಕೊನೆಗೆ ಡಿಶ್ಶಿನ ರಿಸೀವರ್ ಬಿಚ್ತಾರೆ… ನನ್ನ ಕಣ್ಣು ಅಲ್ಲೀವರೆಗೂ ಇರಲ್ಲ.

ಗ್ರಾಫ್ ನೋಡೋದು ನನ್ನ ಅಸಿಸ್ಟೆಂಟ್ ಶೇಷಗಿರಿ. ಸೂಜಿ ಥರ ಗೆರೆ ಎದ್ದಿದೆಯಂತೆ. ಯಲಹಂಕದ ವಿಮಾನದ ರೇಡಾರ್, ಇನ್ನೇನು. ತಟ್ಟೆ ಸುತ್ತುತ್ತಲ್ಲ, ನಮ್ಮ ಅಲೆ ಹರಡ್ಕೊಂಡು ಗುಡ್ಡದ ಥರ ಬರ್ಬೇಕು. ಹಾಳೆ ರದ್ದಿಗೆ ಹಾಕು ಅಂದೆ.

ಡಿಸೆಂಬರ್ ೨೬

ಮತ್ತೆ ಸೂಜಿ. ಮತ್ತೆ ರದ್ದಿ. ಡಿಶ್ ಪಕ್ಕದ ಖಾಲಿ ಆಕಾಶಕ್ಕೆ ತಿರುಗಿಸಿದ್ವಿ — ಸೂಜಿ ಇಲ್ಲ. ವಾಪಸ್ ಬಂದ್ವಿ — ಇದೆ. ವಿಮಾನ ಒಂದು ಸುತ್ತು ಹಾಕ್ಕೊಂಡು ಬಂತೇನೋ.

ನನ್ನ ಹೆಂಡತಿ ಪುಟ್ಟಲಕ್ಷ್ಮಿ ಬೆಳಗ್ಗೆ ರೇಗಿಸಿದಳು — ಎಲ್ಲೋ ನಕ್ಷತ್ರದಲ್ಲಿ ನೀರು ಹುಡುಕ್ತೀರಿ, ನಲ್ಲಿ ಬಂದ್ರೆ ಒಂದು ಬಿಂದಿಗೆ ಎತ್ತಲ್ಲ ಅಂತ.

೧೯೮೫ ಫೆಬ್ರವರಿ ೩, ಭಾನುವಾರ, ಆರ್.ಟಿ. ನಗರದ ಮನೆ

ಬಲಗಣ್ಣು ಹೋಯ್ತು. ಎಡಗಣ್ಣಿಗೆ ಬರೀ ಬೆಳಕು, ಕತ್ತಲೆ.

ಹಳೇ ಟೇಪ್ ಹಾಕ್ಕೊಂಡು ಕೂತಿದ್ದೆ. ಪುಟ್ಟಲಕ್ಷ್ಮಿ ಕೇಳಿದಳು, "ರೀ, ನಿಮ್ಮ ಮಾತಿನ ಹಿಂದೆ ಅದೇನು, ಇಲಿ ಗೀಚ್ದಂಗೆ?"

ಗ್ರಾಫಿನ ಪೆನ್ನು. ಹಾಳೆ ಮೇಲೆ ಓಡೋ ಪ್ರತಿ ಸುತ್ತಿಗೂ ಮೊದಲು ಕಟಕ್. ಅಷ್ಟೇ ಹೊತ್ತು ಬಿಟ್ಟು, ಚರ್ — ಪೆನ್ನು ಸೂಜಿ ಗೀಚಿದ ಸದ್ದು. ಎಲ್ಲಾ ಟೇಪಲ್ಲೂ ಅದೇ ಜಾಗದಲ್ಲಿ. ಡಿಶ್ ತಿರುಗಿಸಿದ್ವಿ ಅಂತ ನಾನೇ ಹೇಳ್ತೀನಲ್ಲ, ಅಲ್ಲಿ ಮಾತ್ರ ಚರ್ ಇಲ್ಲ. ನಮ್ಮ ಡಿಶ್ ಯಾವ ಕಡೆ ನೋಡ್ತಿದೆ ಅಂತ ವಿಮಾನಕ್ಕೆ ಹೇಗೆ ಗೊತ್ತಾಗುತ್ತೆ?

ಇಡೀ ತಟ್ಟೆ ಅಲ್ಲ. ಎಲ್ಲೋ ಒಂದು ಮೂಲೆ ಮಿನುಗ್ತಾ ಇತ್ತು. ಅದರ ಅಲೆ ಹರಡಲ್ಲ, ಸೂಜಿ ಥರಾನೇ ಬರುತ್ತೆ.

ಶೇಷಗಿರಿಗೆ ಫೋನ್ ಮಾಡಿದೆ. "ಹಾಳೆ ಒಂದೂ ಉಳಿದಿಲ್ಲ ಸಾರ್."

ಚರ್ ಅನ್ನೋ ಸದ್ದು ಕೇಳಿಸಿದ್ರೆ ಯಾರು ಒಪ್ತಾರೆ.

ಮಾರ್ಚ್ ೨೯, ಸಂಜೆ, ಹೆಬ್ಬಾಳ

ನಾಳೆ ರಿಸೀವರ್ ಬಿಚ್ತಾರೆ. ಈಗ ಬೆಳಕೂ ಇಲ್ಲ. ಶೇಷಗಿರಿ ದಿನಾ ಕೈ ಹಿಡ್ಕೊಂಡು ಕರ್ಕೊಂಡು ಬರ್ತಾನೆ. ಆ ಭಾನುವಾರದಿಂದ ಸೂಜಿ ಒಂದ್ಸಲಾನೂ ಎದ್ದಿಲ್ಲ. ಮೇಸರ್ ಹಾಗೇ, ಕೆಲವು ತಿಂಗಳು ಉರಿದು ಆರಿಹೋಗುತ್ತೆ. ಉರೀತಿದ್ದಾಗ ನಾನು ಮಾತಾಡ್ತಾ ಇದ್ದೆ.

"ಇವತ್ತು ಮಾತು ಬೇಡ ಸಾರ್," ಅಂದ. "ನಾನು ನೋಡ್ತೀನಿ, ನೀವು ಕೇಳಿಸ್ಕೊಳ್ಳಿ."

ಸರಿ. ಟೇಪ್ ಓಡ್ಲಿ.

ಕಟಕ್ ಅಂತು.

ಈಗ ಚರ್ ಬರ್ಬೇಕು… ಈಗ —