ಅಪ್ಪನ ಮಾತಿನ ತರ್ಜುಮೆ

ಮುಂಬೈ
೧೪ ಸೆಪ್ಟೆಂಬರ್ ೨೦೨೫, ಭಾನುವಾರ

ಅವ್ವ, ನಿನಗೆ ನಿನ್ನ ಪ್ರತಿಮಾಳ ಶರಣು.

ಕಾಗದ ಬಂತೆಂದು ಗಾಬರಿಯಾಗಬೇಡ, ಮೈಯಲ್ಲಿ ಹುಷಾರಾಗಿದ್ದೇನೆ. ಫೋನಿನಲ್ಲಿ ಹೇಳಲಾಗದ ಮಾತು ಇದು. ನೀನು ಸ್ಪೀಕರ್ ಹಾಕದೆ ಮಾತಾಡುವವಳಲ್ಲ, ಅಪ್ಪ ಈಗ ಇಡೀ ದಿನ ಮನೆಯಲ್ಲೇ ಇರುತ್ತಾನೆ. ಅವನು ಆದೋನಿಯ ತೆಲುಗು ಶಾಲೆಯಲ್ಲಿ ಕಲಿತವನು, ಕನ್ನಡ ಆಡುತ್ತಾನೆಯೇ ಹೊರತು ಓದಲು ಬರುವುದಿಲ್ಲ. ನಿನ್ನ ತವರು ಸಿರುಗುಪ್ಪದ ಕನ್ನಡ ಅಕ್ಷರ ನಮ್ಮ ಮನೆಯಲ್ಲಿ ಗೊತ್ತಿರುವುದು ನಮ್ಮಿಬ್ಬರಿಗೇ. ಅದಕ್ಕೇ ಹೀಗೆ ಬರೆಯುತ್ತಿದ್ದೇನೆ.

ಮಂಗಳವಾರ ನೀನು ಅಳುತ್ತ ಫೋನ್ ಮಾಡಿದೆ. ಅಪ್ಪನ ಮಿಲ್ಲಿನ ಗೇಟಿಗೆ ನೋಟಿಸ್ ಹಚ್ಚಿದ್ದಾರೆ, ಕಂಪನಿ ಕೈ ಬದಲಾಗಿದೆಯಂತೆ, ಈ ಸೀಸನ್ನಿಗೆ ತೆಗೆಯುವುದಿಲ್ಲವಂತೆ ಅಂದೆ. ನಾನು ಹೊಸದಾಗಿ ಕೇಳಿದವಳ ಹಾಗೆ "ಹೌದಾ?" ಅಂದೆ. ಅವ್ವ, ಅದು ನನಗೆ ಜೂನ್ ತಿಂಗಳಿಂದಲೇ ಗೊತ್ತಿತ್ತು.

ಹೋದ ವರ್ಷ ಕಾಲೇಜಿಗೆ ಸೇರಿದ ಮೊದಲ ವಾರದಿಂದಲೇ ಇಲ್ಲಿ ಎಲ್ಲರ ಬಾಯಲ್ಲೂ ಇಂಟರ್ನ್‌ಶಿಪ್ಪಿನ ಮಾತು. ಇನ್ವೆಸ್ಟ್‌ಮೆಂಟ್ ಬ್ಯಾಂಕ್ ಅಂದರೆ ನಮ್ಮ ಮಾರುಕಟ್ಟೆ ಯಾರ್ಡಿನ ದಲ್ಲಾಳಿಗಳಂತೆಯೇ, ಆದರೆ ಅಲ್ಲಿ ಹತ್ತಿಯ ಬದಲು ಕಂಪನಿಗಳಿಗೆ ಬೆಲೆ ಕಟ್ಟುತ್ತಾರೆ. ಎರಡು ತಿಂಗಳು ಅಲ್ಲಿ ದುಡಿದು ಅವರ ಮನಸ್ಸಿಗೆ ಬಂದರೆ ಕಾಯಂ ಕೆಲಸ. ಮೂರು ತಿಂಗಳು ನಾನು ಕನ್ನಡಿ ಮುಂದೆ ನಿಂತು ಉತ್ತರ ಒಪ್ಪಿಸಿದೆ. ಅಭ್ಯಾಸದ ಸಂದರ್ಶನಗಳಲ್ಲಿ ನನ್ನ ಇಂಗ್ಲಿಷ್ ಕೇಳಿ ಹುಡುಗಿಯರು ಮುಖ ತಿರುಗಿಸಿ ನಗುತ್ತಿದ್ದರು. ಕೊನೆಗೆ ಒಂದು ವರ್ಷ ಹಿರಿಯನಾದ, ರಾಯಚೂರಿನ ಸೋಮೇಶ್ ಹೇಳಿದ, "ಲೆಕ್ಕ ಎಲ್ಲಾರೂ ಕಲ್ತು ಬರ್ತಾರ. ನಿಂದು ಅಂತ ಒಂದು ಕಥಿ ಇರ್ಲಿ."

ಬ್ಯಾಂಕಿನ ಸಂದರ್ಶನದಲ್ಲಿ ನಾನು ಅಪ್ಪನ ಕಥೆ ಹೇಳಿದೆ. ಒಂದು ಚಿಟಿಕೆ ಅರಳೆ ತೆಗೆದು, ಎರಡೂ ಕೈಯಲ್ಲಿ ಎಳೆದು, ಎಳೆ ಎಷ್ಟುದ್ದ, ಎಷ್ಟು ಗಟ್ಟಿ ಎಂದು ಕಣ್ಣಳತೆಯಲ್ಲೇ ಹೇಳುತ್ತಾನೆ, ಸಂಜೆ ಲ್ಯಾಬಿನವರು ಅದನ್ನೇ ಹೇಳುತ್ತಾರೆ ಅಂದೆ. ಕೇಳುತ್ತಿದ್ದ ಮೂವರೂ ಪೆನ್ನು ಕೆಳಗಿಟ್ಟರು. ಎರಡು ತಿಂಗಳ ಆ ಕೆಲಸ ಸಿಕ್ಕಿತು.

ಆ ಮೂವರಲ್ಲಿ ಒಬ್ಬರು ನಮ್ಮ ತಂಡದ ಮುಖ್ಯಸ್ಥೆ ಮೇಡಂ, ಅವರಿಗೆ ಆ ಕಥೆ ನೆನಪಿತ್ತು. ಏಳು ಹತ್ತಿ ಜಿನ್ನಿಂಗ್ ಮಿಲ್ಲುಗಳಿದ್ದ ಕಂಪನಿಯೊಂದು ಮಾರಾಟಕ್ಕೆ ಬಂದಾಗ ನನ್ನನ್ನು ಕರೆದರು. ಪಟ್ಟಿಯಲ್ಲಿ ಆದೋನಿ ಇತ್ತು. ಅಪ್ಪ ಇರುವುದು ಅಲ್ಲಿಯೇ ಎಂದು ನಾನು ಮುಚ್ಚಿಡದೆ ಹೇಳಿದೆ. ಅವನಿಗೆ ಷೇರು ಇದೆಯಾ ಎಂದು ಕೇಳಿದರು. ಇಲ್ಲ, ಹತ್ತಿ ನೋಡುವ ಕೆಲಸ ಮಾತ್ರ ಅಂದೆ. ಹಾಗಾದರೆ ತೊಂದರೆಯಿಲ್ಲ, ಅನುಕೂಲವೇ ಆಯಿತು ಅಂದರು. ಮನೆಯಲ್ಲೂ ಬಾಯಿ ಬಿಡುವುದಿಲ್ಲ ಎಂಬ ಕಾಗದಕ್ಕೆ ಸಹಿ ಹಾಕಿದೆ. ಆ ಹೊತ್ತಿಗೆ ನನಗೆ ಭಯವಾಗಲಿಲ್ಲ ಅವ್ವ, ಖುಷಿಯಾಯಿತು. ಇಂಟರ್ನ್‌ಗಳಲ್ಲಿ ನಿಜವಾದ ವ್ಯವಹಾರಕ್ಕೆ ಸೇರಿಸಿಕೊಂಡದ್ದು ನನ್ನೊಬ್ಬಳನ್ನೇ.

ಮೇ ಕೊನೆಯಲ್ಲಿ ನಾನು ದಿಢೀರನೆ ಬಂದು, ಎರಡು ಸಜ್ಜೆ ರೊಟ್ಟಿ ತಿಂದು ಓಡಿದೆನಲ್ಲ, ನೀನು ಮುನಿಸಿಕೊಂಡಿದ್ದೆ. ಅವತ್ತು ಮೇಡಂ ಜೊತೆ ಮಿಲ್ಲು ನೋಡಲು ಬಂದಿದ್ದೆ. ಸೀಸನ್ ಅಲ್ಲದ್ದರಿಂದ ಅಂಗಳ ಖಾಲಿ, ಬಿಸಿಲಿಗೆ ತಗಡು ಚಟಪಟ ಅನ್ನುತ್ತಿತ್ತು. ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಗೇಟಿಗೇ ಬಂದು ನಿಂತಿದ್ದ. ಮ್ಯಾನೇಜರ್ ಬಸವಪ್ರಸಾದ್ ಮಾತಾಡುವುದಕ್ಕಿಂತ ಅಪ್ಪ ಮಾತಾಡಿದ್ದೇ ಹೆಚ್ಚು. ಅವನು ಹೇಳಿದ್ದನ್ನು ನಾನು ಇಂಗ್ಲಿಷಿಗೆ ತಿರುಗಿಸಿ ಮೇಡಂಗೆ ಹೇಳಬೇಕು.

ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳಿದ, "ಇವ್ರು ಯಾಕ ಬಂದಾರವ್ವ? ಹೊಸಾ ಮಷೀನ್ ಹಾಕ್ತಾರೇನು?"

"ನೋಡಾಕ ಬಂದಾರಪ್ಪ," ಅಂದೆ.

ಮಷೀನುಗಳೆಲ್ಲ ಓಡುತ್ತವೆಯೇ ಎಂದು ಮೇಡಂ ಕೇಳಿದರು. ಬಸವಪ್ರಸಾದ್ ಗಂಟಲು ಸರಿಪಡಿಸಿಕೊಳ್ಳುವುದರೊಳಗೆ ಅಪ್ಪ ಹೇಳಿಬಿಟ್ಟ. "ಇದ್ದದ್ದು ಇದ್ದಂಗ ಹೇಳವ್ವ. ದೂರದಿಂದ ಬಂದೋರಿಗೆ ಸುಳ್ಳು ಹೇಳಬಾರ್ದು. ಮಷೀನ್ ಅರ್ಧ ಹಳೇವಾಗಿ ನಿಂತಾವ. ದೀಪಾವಳಿಯಿಂದ ಯುಗಾದಿ ತನಕ ಅಷ್ಟ ನಡಿತೈತಿ. ಮೊದಲಿನಂಗ ಹತ್ತಿ ಬರಂಗಿಲ್ಲ."

ಅವನು ಹೇಳಿದ ಹಾಗೆಯೇ ನಾನು ಹೇಳಿದೆ. ಮೇಡಂ ಬರೆದುಕೊಂಡರು. ಆ ಮಾತು ನಮ್ಮ ವರದಿಯ ಹನ್ನೊಂದನೇ ಪುಟದಲ್ಲಿದೆ, 'ಹಿರಿಯ ನೌಕರರೊಬ್ಬರ ಪ್ರಕಾರ' ಎಂದು.

ಜೂನ್ ಮೊದಲ ವಾರ ಯಾವ ಮಿಲ್ಲು ಉಳಿಯಬೇಕು, ಯಾವುದು ಮುಚ್ಚಬೇಕು ಎಂಬ ಶೀಟು ತುಂಬುವ ಕೆಲಸ ನನಗೇ ಬಂತು. ಆದೋನಿ ಉಳಿಯುವ ಹಾಗೆ ಮಾಡಲು ಎರಡು ದಿನ ಒದ್ದಾಡಿದೆ. ಸಾಗಣೆ ಖರ್ಚು ಬದಲಿಸಿ ನೋಡಿದೆ, ಹತ್ತಿಯ ಬೆಲೆ ಬದಲಿಸಿ ನೋಡಿದೆ. ಹೇಗೆ ಮಾಡಿದರೂ ಲಾಭದ ಲೆಕ್ಕದಲ್ಲಿ ಕೊನೆಯ ಸಾಲು ಆದೋನಿಯೇ. ತೀರ್ಮಾನ ಕೊಳ್ಳುವವರದ್ದು, ನಾವು ಬರೆಯುವವರು ಮಾತ್ರ ಎಂದು ಮೇಡಂ ಸಮಾಧಾನವಾಗಿಯೇ ಹೇಳಿದರು. ಕಾಯಂ ನೌಕರರು ಮೂವತ್ತೊಂದು ಜನ ಎಂದು ಒಂದು ಸಾಲಿತ್ತು. ದಿನಗೂಲಿಗೆ ಅರಳೆಯ ಕಸ ಆರಿಸುವ ಹುಲುಗಮ್ಮ, ಗಿಡ್ಡಮ್ಮ, ಗಂಗಕ್ಕ ಇವರಿಗೆ ಸಾಲೇ ಇರಲಿಲ್ಲ. ಶಾಲೆ ಬಿಟ್ಟು ಮಿಲ್ಲಿಗೆ ಓಡಿ ಬಂದರೆ ನನ್ನ ಕೂದಲಲ್ಲಿ ಸಿಕ್ಕಿದ ಅರಳೆ ತೆಗೆದು ಜಡೆ ಹಾಕುತ್ತಿದ್ದವಳು ಹುಲುಗಮ್ಮ.

ಆಗಸ್ಟ್ ಕೊನೆಗೆ ಕಾಯಂ ಕೆಲಸದ ಆಫರ್ ಬಂತು. ಅಪ್ಪ ಆ ಶುಕ್ರವಾರವೇ ಮಿಲ್ಲಿಗೆ ಹೋಗಿ ಎಲ್ಲರಿಗೂ ಪೇಡೆ ಹಂಚಿದ. ಹುಲುಗಮ್ಮ ಕಣ್ಣೀರು ಹಾಕಿಕೊಂಡಳಂತೆ, ನಮ್ ಕೂಸು ಆಫೀಸರ್ ಆತು ಎಂದು. ಹಂಚಬೇಡ ಎನ್ನಲು ನನ್ನ ಬಳಿ ಹೇಳಬಹುದಾದ ಕಾರಣ ಇರಲಿಲ್ಲ. ನೋಟಿಸ್ ಆ ವಾರವೋ ಮುಂದಿನ ವಾರವೋ ಎಂಬುದಷ್ಟೇ ನನಗೆ ಗೊತ್ತಿರಲಿಲ್ಲ.

ಈಗ ನಿನಗೆ ಗೊತ್ತಿಲ್ಲದ್ದು. ಗುರುವಾರ ಅಪ್ಪ ಹೊರಗೆ ಹೋಗಿ ಫೋನ್ ಮಾಡಿದ್ದ. "ನನ್ ಬಗ್ಗಿ ಚಿಂತಿ ಬ್ಯಾಡವ್ವ. ಜನ ಅಳಾಕ ಹತ್ಯಾರ. ಅವತ್ತ ಬಂದಿದ್ದ ಮೇಡಂ ದೊಡ್ಡಾಕಿ ಇದ್ದಂಗಿತ್ತು. ಆಕಿಗೆ ಒಂದು ಮಾತು ಕೇಳಿ ನೋಡ್ತೀಯೇನು?"

"ಕೇಳ್ತೀನಪ್ಪ," ಅಂದೆ.

ನನ್ನ ಮಗಳು ಮಾತಾಡುತ್ತಾಳೆ ಎಂದು ಗೇಟಿನ ಹತ್ತಿರ ಎಲ್ಲರಿಗೂ ಹೇಳಿಬಂದಿದ್ದಾನೆ. ಅವತ್ತಿನಿಂದ ಪ್ರತಿ ಬೆಳಿಗ್ಗೆ ನನಗೆ ಮಿಸ್ ಕಾಲ್ ಕೊಡುತ್ತಾನೆ. ನಾನು ಯಾರನ್ನೂ ಕೇಳಿಲ್ಲ. ಕೇಳುವುದಕ್ಕೆ ಯಾರೂ ಇಲ್ಲ, ವ್ಯವಹಾರ ಮುಗಿದುಹೋಗಿದೆ. ಇದನ್ನು ಅವನಿಗೆ ಹೇಗೆ ಹೇಳಲಿ? ಕಾಯಬೇಡ ಎಂದರೆ ಯಾಕೆ ಎನ್ನುತ್ತಾನೆ. ಯಾಕೆಂದು ಹೇಳಿದರೆ ಅವನು ನನ್ನನ್ನು ಬೈಯುವುದಿಲ್ಲ, ಅದು ನನಗೆ ಗೊತ್ತು. ತನ್ನ ಬಾಯಿಯಿಂದಲೇ ಮಿಲ್ಲು ಮುಚ್ಚಿತು ಎಂದುಕೊಂಡು ಸುಮ್ಮನೆ ಕೂತುಬಿಡುತ್ತಾನೆ.

ಆಫರಿಗೆ ಇಪ್ಪತ್ತನೇ ತಾರೀಕಿನೊಳಗೆ ಉತ್ತರ ಕೊಡಬೇಕು. ಬೇಡ ಎಂದರೂ ಮಿಲ್ಲು ತೆಗೆಯುವುದಿಲ್ಲ. ಬೇಕು ಎಂದು ಬರೆಯಲು ಕೂತರೆ ಕೈ ಏಳುವುದಿಲ್ಲ. ಈ ಕಾಗದವನ್ನು ಅಪ್ಪನಿಗೆ ಓದಿ ಹೇಳುತ್ತೀಯೋ, ಒಲೆಗೆ ಹಾಕುತ್ತೀಯೋ, ನೀನೇ ನೋಡು. ನನಗೆ ತೋಚುತ್ತಿಲ್ಲ.

ನಿನ್ನ ಮಗಳು,
ಪ್ರತಿಮಾ

ಮರೆತದ್ದು: ಮರೆತದ್ದಲ್ಲ, ಬಿಟ್ಟದ್ದು. ಅಪ್ಪ ಹೇಳಿದ ಹಾಗೆಯೇ ಹೇಳಿದೆ ಎಂದು ಬರೆದಿದ್ದೇನೆ. ಅವನು ಮುಂದೆ ಇನ್ನೊಂದು ಮಾತು ಹೇಳಿದ್ದ: "ಎರಡು ಮಷೀನ್ ಬದ್ಲಿ ಮಾಡಿದ್ರ ಸಾಕು, ಇನ್ನ ಹತ್ತು ವರ್ಷ ನಡಿತೈತಿ. ಕೆಲಸ ಬಲ್ಲ ಜನ ಅದಾರ." ಅಷ್ಟರಲ್ಲಿ ಮೇಡಂ ಮೊದಲಿನ ಮಾತನ್ನು ಬರೆದುಕೊಂಡು, ತಮಗೆ ಬೇಕಾಗಿದ್ದು ಇದೇ ಎಂದು ನನ್ನ ಭುಜ ತಟ್ಟಿದ್ದರು. ಐದು ವಾರದಲ್ಲಿ ಅವರು ನನ್ನನ್ನು ಮೆಚ್ಚಿದ್ದು ಅದೇ ಮೊದಲು. ಅಪ್ಪ ಈಗೇನೋ ಅಂದರಲ್ಲ, ಏನದು ಎಂದು ಕೇಳಿದರು. ಏನಿಲ್ಲ, ಅದನ್ನೇ ಮತ್ತೆ ಹೇಳಿದರು ಅಂದೆ. ಅಪ್ಪ ನನ್ನ ಮುಖ ನೋಡುತ್ತ, ನಾನು ಹೇಳಿದೆನೆಂದು ತಿಳಿದು, ತಲೆಯಾಡಿಸುತ್ತಿದ್ದ.